ನಾಲ್ಕು ಕಣ್ಣಿನ ಫೋನು, ಎರಡು ಕಣ್ಣಿನ ಮಕ್ಕಳು

ಮೊನ್ನೆ ಪೋಷಕರ ಸಭೆ ಮುಗಿದ ಮೇಲೆ ಒಬ್ಬ ತಂದೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಅಡಿಕೆ ತೋಟದ ಕೆಲಸದವರು. ದೊಡ್ಡ ಮಗಳು ನಮ್ಮಲ್ಲಿ ಎಂಟನೇ ತರಗತಿ, ಚಿಕ್ಕವಳು ಬರುವ ಜೂನಿಗೆ ಒಂದನೆಗೆ ಸೇರುವವಳು. ಅವರ ಕೈಯಲ್ಲಿ ಹೊಸ ಫೋನು.

"ಮಾಷ್ಟ್ರೇ, ಇದಕ್ಕೆ ಹಿಂದೆ ನಾಲ್ಕು ಕ್ಯಾಮರಾ ಉಂಟು. ಒಂದು ಡೆಪ್ತಿಗೆ, ಒಂದು ಹತ್ತಿರದ್ದಕ್ಕೆ ಅಂತ ಅಂಗಡಿಯವ ಹೇಳಿದ. ಹಳೆಯ ಫೋನಿಗೂ ಇದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಈ ಡೆಪ್ತ್ ಅಂದರೆ ಎಂತದು? ಒಂದು ಫೋಟೋಕ್ಕೆ ನಾಲ್ಕು ಕಣ್ಣು ಯಾಕೆ?"

ಎಷ್ಟು ಒಳ್ಳೆಯ ಪ್ರಶ್ನೆ ನೋಡಿ. ಆದರೆ ನಮ್ಮಲ್ಲೇ ಒಬ್ಬರು ಪುಸ್ತಕದಿಂದ ತಲೆ ಎತ್ತದೆ, "ಅದೆಲ್ಲ ದೊಡ್ಡ ಟೆಕ್ನಾಲಜಿ ಅಲ್ವಾ, ಇಂಗ್ಲಿಷಿನಲ್ಲಿ ಕಲಿತವರಿಗೇ ಕಷ್ಟ. ಕನ್ನಡದಲ್ಲಿ ಹೇಳಲಿಕ್ಕೆ ಬರುವುದಿಲ್ಲ" ಅಂದುಬಿಟ್ಟರು. ಉಳಿದ ನಾವೂ ಸುಮ್ಮನಿದ್ದೆವು. ಆ ತಂದೆ ಸ್ವಲ್ಪ ಹೊತ್ತು ನಿಂತು, "ಹಾಗಾದರೆ ಚಿಕ್ಕವಳನ್ನು ಇಂಗ್ಲಿಷಿಗೇ ಹಾಕುವುದು ಒಳ್ಳೆಯದು, ಅಲ್ವಾ ಮಾಷ್ಟ್ರೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು.

ಕಾಸರಗೋಡಿನ ಕಡೆಯ ಕನ್ನಡ ಶಾಲೆಯವರಿಗೆ ಈ ಮಾತಿನ ತೂಕ ಬಿಡಿಸಿ ಹೇಳಬೇಕಾಗಿಲ್ಲ. ಜೂನಿನಲ್ಲಿ ಆರನೇ ಕೆಲಸದ ದಿನ ತಲೆ ಎಣಿಸುತ್ತಾರೆ. ಎರಡು ತಲೆ ಕಡಿಮೆಯಾದರೆ ಡಿವಿಷನ್ ಹೋಗುತ್ತದೆ, ಡಿವಿಷನ್ ಹೋದರೆ ಹುದ್ದೆ ಹೋಗುತ್ತದೆ. ಆಮೇಲೆ ನಾವು ಸರಕಾರವನ್ನು ಬೈಯುತ್ತೇವೆ, ಮಲಯಾಳವನ್ನು ಬೈಯುತ್ತೇವೆ, ಇಂಗ್ಲಿಷ್ ಮೀಡಿಯಂ ಬಸ್ಸನ್ನು ಬೈಯುತ್ತೇವೆ. ಆ ದಿನ ಒಂದು ತಲೆಯನ್ನು ಕಳಿಸಿಕೊಟ್ಟದ್ದು ಇವರಾರೂ ಅಲ್ಲ ಸ್ವಾಮೀ. ನಮ್ಮ ಸ್ಟಾಫ್ ರೂಮು.

ಮತ್ತೆ, ಆ ಉತ್ತರ ಸುಳ್ಳು. ಎರಡು ಕ್ಯಾಮರಾದಿಂದ ದೂರ ಅಳೆಯುವುದು ಪ್ರೌಢಶಾಲೆಯ ಗಣಿತದ ಸಮರೂಪ ತ್ರಿಭುಜದ ಪಾಠ, ಅಷ್ಟೇ. ನಾವೇ ಕಲಿಸಿದ ಪಾಠ, ಕನ್ನಡದಲ್ಲೇ ಕಲಿಸಿದ ಪಾಠ! ಇಲ್ಲೇ ಮಾಡಿ ನೋಡೋಣ.

ಕೈ ನೀಟಾಗಿ ಚಾಚಿ ಹೆಬ್ಬೆರಳು ಎತ್ತಿ. ಎಡಗಣ್ಣು ಮುಚ್ಚಿ ನೋಡಿ, ಈಗ ಬಲಗಣ್ಣು ಮುಚ್ಚಿ ನೋಡಿ. ಬೆರಳು ಹಿಂದಿನ ಗೋಡೆಯ ಮೇಲೆ ಜಿಗಿಯಿತಲ್ಲವೇ? ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರು. ಚಾಚಿದ ಹೆಬ್ಬೆರಳಿಗೆ ಸುಮಾರು 60. ಒಂದಕ್ಕೆ ಹತ್ತು. ಹಾಗಾಗಿ ಬೆರಳು ದೂರದಲ್ಲಿ ಎಷ್ಟು ಜಿಗಿದಂತೆ ಕಾಣುತ್ತದೋ ಅದರ ಹತ್ತು ಪಟ್ಟು ದೂರದಲ್ಲಿ ಆ ಗೋಡೆ ಇದೆ. ಆ ವಾರವೇ ಎಂಟನೇ ತರಗತಿಯ ಮಕ್ಕಳನ್ನು ವರಾಂಡಾದಲ್ಲಿ ನಿಲ್ಲಿಸಿದೆವು. ಎದುರಿನ ಗೇಟಿನ ಎರಡು ಕಂಬಗಳ ನಡುವೆ 3 ಮೀಟರು. ಬೆರಳು ಒಂದು ಕಂಬದಿಂದ ಇನ್ನೊಂದನ್ನು ತುಸು ದಾಟಿ ಜಿಗಿಯಿತು. "ಮೂವತ್ತೆರಡು, ಮೂವತ್ಮೂರು ಮೀಟರ್ ಇರಬಹುದು ಸರ್" ಎಂದರು ಮಕ್ಕಳು. ಟೇಪು ಹಿಡಿದು ಅಳೆದರೆ 35. ಮನೆಯಲ್ಲಿ ತುಳು, ಕೊಂಕಣಿ, ಮಲಯಾಳ ಆಡಿ ಶಾಲೆಗೆ ಬಂದು ಕನ್ನಡ ಕಲಿಯುವ ಮಕ್ಕಳು ಇವರು. ಎರಡು ಮೀಟರು ತಪ್ಪಿದ್ದು ಬೆರಳಿನ ದೋಷ, ಭಾಷೆಯದ್ದಲ್ಲ.

ಈಗ ಫೋನಿಗೆ ಬನ್ನಿ. ಅದರ ಎರಡು ಕಣ್ಣುಗಳ ನಡುವೆ ಸುಮಾರು ಒಂದು ಸೆಂಟಿಮೀಟರು ಎಂದಿಟ್ಟುಕೊಳ್ಳಿ. ಲೆನ್ಸಿನಿಂದ ಚಿತ್ರ ಬೀಳುವ ಚಿಪ್ಪಿಗೆ ಸುಮಾರು 4 ಮಿಲಿಮೀಟರು ಎಂದಿಟ್ಟುಕೊಳ್ಳಿ. ಒಂದು ಮೀಟರು ದೂರದಲ್ಲಿ ಕುಳಿತವರ ಮೂಗು ಎರಡು ಚಿತ್ರಗಳ ನಡುವೆ ಎಷ್ಟು ಜಿಗಿಯುತ್ತದೆ? ತ್ರಿಭುಜದ ಲೆಕ್ಕ: 10 ಮಿಲಿಮೀಟರನ್ನು 4ರಿಂದ ಗುಣಿಸಿ 1000ದಿಂದ ಭಾಗಿಸಿ. 0.04 ಮಿಲಿಮೀಟರು. ಚಿಪ್ಪಿನ ಒಂದೊಂದು ಚುಕ್ಕೆ, ಅಂದರೆ ಪಿಕ್ಸೆಲ್, ಮಿಲಿಮೀಟರಿನ ಸಾವಿರದ ಒಂದು ಪಾಲು ಅಗಲವಾದರೆ ಇದು 40 ಚುಕ್ಕೆಯ ಜಿಗಿತ. ಎರಡು ಮೀಟರಿಗೆ 20 ಚುಕ್ಕೆ. ಹತ್ತು ಮೀಟರಿಗೆ 4. ನಲವತ್ತು ಮೀಟರಿಗೆ ಒಂದೇ ಒಂದು. ಅಲ್ಲಿಂದಾಚೆ ತೆಂಗಿನ ಮರವೂ ಅದರ ಹಿಂದಿನ ಗುಡ್ಡವೂ ಗುಡ್ಡದ ಮೇಲಿನ ಚಂದ್ರನೂ ಫೋನಿಗೆ ಹೆಚ್ಚುಕಡಿಮೆ ಒಂದೇ ದೂರ!

ಡೆಪ್ತ್ ಎಂಬ ಮಂತ್ರದ ಗುಟ್ಟು ಇಷ್ಟೇ. ಜಿಗಿತ ಹೆಚ್ಚಿದ್ದರೆ ಹತ್ತಿರ, ಕಡಿಮೆಯಿದ್ದರೆ ದೂರ. ಪ್ರತಿ ಚುಕ್ಕೆಗೂ ಹೀಗೆ ದೂರ ಬರೆದಿಟ್ಟುಕೊಂಡು ದೂರದ್ದನ್ನು ಲೆಕ್ಕದಿಂದ ಮಸುಕು ಮಾಡಿದರೆ ದೊಡ್ಡ ಕ್ಯಾಮರಾದಲ್ಲಿ ತೆಗೆದಂತಹ ಫೋಟೋ. ಎದುರು ಕುಳಿತವರ ಮುಖಕ್ಕೆ ಇದು ಚೆನ್ನಾಗಿ ಹೊಂದುವುದು ಯಾಕೆಂದರೆ ಮುಖ ಇರುವುದೇ ಒಂದೆರಡು ಮೀಟರಿನಲ್ಲಿ.

ಕಷ್ಟ ಇರುವುದು ಇನ್ನೊಂದು ಕಡೆ. ಎಡ ಚಿತ್ರದ ಈ ಚುಕ್ಕೆ ಬಲ ಚಿತ್ರದಲ್ಲಿ ಎಲ್ಲಿದೆ ಎಂದು ಹುಡುಕಬೇಕಲ್ಲ? ಸುಣ್ಣ ಬಳಿದ ಬೋಳು ಗೋಡೆಯಲ್ಲಿ ಎಲ್ಲ ಚುಕ್ಕೆಯೂ ಒಂದೇ ತರಹ, ಯಾವುದಕ್ಕೆ ಯಾವುದು ಜೋಡಿ ಎಂದು ಹೇಳುವವರಾರು? ಕಿಟಕಿಯ ಸರಳು ಸಾಲಾಗಿದ್ದರೆ ಮೊದಲನೆಯದನ್ನು ಎರಡನೆಯದಕ್ಕೆ ಜೋಡಿಸಿ ಎಡವುತ್ತದೆ. ಕೂದಲು, ಕನ್ನಡಕದ ಕಡ್ಡಿ, ಮಲ್ಲಿಗೆ ಮಾಲೆ ಇವೆಲ್ಲ ಸಿಕ್ಕುಗಳು. ಕಳೆದ ವಾರ್ಷಿಕೋತ್ಸವದಲ್ಲಿ ಮಕ್ಕಳ ಯಕ್ಷಗಾನದ ಫೋಟೋ ತೆಗೆದಾಗ ನಮ್ಮ ಅರ್ಜುನನ ಒಂದು ಭುಜಕೀರ್ತಿ ಹಿಂದಿನ ಪರದೆಯ ಜೊತೆ ಸೇರಿ ಕರಗಿಹೋಗಿತ್ತು. ಕಿರೀಟದ ತುದಿಯೂ ಇಲ್ಲ. ಕುಂಬಳೆಯ ಪಾರ್ತಿಸುಬ್ಬನ ನಾಡಿನಲ್ಲಿ ಇಂಥ ಅವಮಾನ! ಹುಡುಗ ಆ ಫೋಟೋ ನೋಡಿ ಮುಖ ಸಣ್ಣ ಮಾಡಿಕೊಂಡ. ಯಾಕೆ ಹಾಗಾಯಿತು ಎಂದು ಅಂದು ನಾವು ಯಾರೂ ಅವನಿಗೆ ಹೇಳಲಿಲ್ಲ. ಅಲ್ಲೇ ಒಂದು ಪಾಠ ಇತ್ತು, ಕೈಬಿಟ್ಟೆವು.

ಇನ್ನು ಅಂಗಡಿಯವರ ವಿಷಯ. ಆ ತಂದೆ ಕೊಂಡಂತಹ ಫೋನುಗಳು 2019ರಿಂದ ಮೂರು ನಾಲ್ಕು ವರ್ಷ ರಾಶಿ ರಾಶಿ ಬಂದವು. ಒಂದು ಮುಖ್ಯ ಕ್ಯಾಮರಾ 48 ಮೆಗಾಪಿಕ್ಸೆಲ್, ಒಂದು ಅಗಲ ನೋಟದ್ದು 8, ಹತ್ತಿರದ್ದಕ್ಕೆ 2, ಡೆಪ್ತಿಗೆ 2. 2020ರಲ್ಲಿ ಶಾಲೆ ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗ ನಮ್ಮ ಮಕ್ಕಳ ಮನೆಯವರು ಸಾಲ ಮಾಡಿ ಕೊಂಡದ್ದು ಇಂಥದ್ದನ್ನೇ. ಅಂಗಡಿಯಲ್ಲಿ ಹುಡುಗ ಕೇಳುವುದೇನು? "ಅಣ್ಣಾ, ಮೂರು ಕಣ್ಣಿನದ್ದು ಸಾಕಾ, ನಾಲ್ಕು ಕಣ್ಣಿನದ್ದು ಕೊಡಲಾ?" ಮೀನು ಮಾರ್ಕೆಟಿನಲ್ಲಿ ಬಂಗುಡೆ ಎಣಿಸಿದ ಹಾಗೆ. ಪಾಠ ಕೇಳಲು ಹಿಂದಿನ ಒಂದು ಕಣ್ಣೂ ಬೇಕಿರಲಿಲ್ಲ ಎಂಬುದು ಬೇರೆ ಮಾತು.

ಆ 2 ಮೆಗಾಪಿಕ್ಸೆಲ್ಲಿನ ಡೆಪ್ತ್ ಕಣ್ಣನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ. ನಮ್ಮಲ್ಲೊಬ್ಬರ ಫೋನಿನಲ್ಲಿ ಆ ಲೆನ್ಸಿನ ಮೇಲೆ ಬೆರಳಿಟ್ಟು ಮುಚ್ಚಿ ಫೋಟೋ ತೆಗೆದೆವು. ಹಿನ್ನೆಲೆ ಮೊದಲಿನಂತೆಯೇ ಮಸುಕಾಯಿತು! ಅಂದರೆ ಕೆಲಸ ಮಾಡಿದ್ದು ಮುಖ್ಯ ಕ್ಯಾಮರಾ ಮತ್ತು 'ಇದು ಮನುಷ್ಯನ ಆಕಾರ' ಎಂದು ಗುರುತಿಸಲು ಕಲಿತ ಪ್ರೋಗ್ರಾಮು. ನಾಲ್ಕನೆಯ ಕಣ್ಣು ದೃಷ್ಟಿ ಬೊಟ್ಟು. ಎಲ್ಲ ಫೋನೂ ಹೀಗೆಯೇ ಎಂದು ನಾವು ಹೇಳುವುದಿಲ್ಲ, ಕೆಲವು ಫೋನು 'ಲೆನ್ಸ್ ಮುಚ್ಚಿದೆ' ಎಂದು ಎಚ್ಚರಿಸುತ್ತವೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಬೆರಳಿಟ್ಟು ನೋಡಿ, ಸಾಕು. ಬೆರಳಿಗೆ ಇಂಗ್ಲಿಷ್ ಬೇಡವಲ್ಲ.

ಕಣ್ಣಿನ ಲೆಕ್ಕಕ್ಕೂ ಕೆಲಸಕ್ಕೂ ಸಂಬಂಧ ಇಲ್ಲ ಎಂಬುದಕ್ಕೆ ಚರಿತ್ರೆಯೇ ಇದೆ. 2014ರಲ್ಲಿ ಎಚ್‌ಟಿಸಿ ಕಂಪನಿ ಒನ್ ಎಂ8 ಎಂಬ ಫೋನಿನಲ್ಲಿ ದೂರ ಅಳೆಯಲೆಂದೇ ಎರಡನೇ ಕಣ್ಣು ಇಟ್ಟಿತು. 2016ರಲ್ಲಿ ಆಪಲ್ ಐಫೋನ್ 7 ಪ್ಲಸ್‌ನಲ್ಲಿ ಎರಡು ಪೂರ್ಣ ಪ್ರಮಾಣದ ಕ್ಯಾಮರಾ, ಎರಡೂ 12 ಮೆಗಾಪಿಕ್ಸೆಲ್, ಒಂದರ ನೋಟ ಇನ್ನೊಂದಕ್ಕಿಂತ ಎರಡು ಪಟ್ಟು ಹತ್ತಿರ. ಅಲ್ಲಿ ಎರಡು ಚಿತ್ರದ ಹೋಲಿಕೆಯಿಂದ ನಿಜವಾಗಿಯೂ ದೂರ ಲೆಕ್ಕ ಹಾಕುತ್ತಿದ್ದರು. ಮರುವರ್ಷ, 2017ರಲ್ಲಿ, ಗೂಗಲ್‌ನ ಪಿಕ್ಸೆಲ್ 2 ಹಿಂದೆ ಒಂದೇ ಕ್ಯಾಮರಾ ಇಟ್ಟುಕೊಂಡು ಅದೇ ಕೆಲಸ ಮಾಡಿತು. ಅದರ ಚಿಪ್ಪಿನ ಪ್ರತಿ ಚುಕ್ಕೆಯೂ ಎಡ ಬಲ ಎಂದು ಎರಡು ಹೋಳು. ಒಂದೇ ಲೆನ್ಸಿನ ಎಡ ಅಂಚಿನಿಂದ ಒಂದು ನೋಟ, ಬಲ ಅಂಚಿನಿಂದ ಒಂದು ನೋಟ, ನಡುವೆ ಬರೀ ಒಂದು ಮಿಲಿಮೀಟರು. ಅಷ್ಟು ಸಣ್ಣ ಜಿಗಿತವನ್ನೂ ಅಳೆದು, ಮನುಷ್ಯಾಕೃತಿ ಗುರುತಿಸುವ ಪ್ರೋಗ್ರಾಮನ್ನು ಜೊತೆಗಿಟ್ಟರು.

ಝೂಮಿನದ್ದು ಇನ್ನೊಂದು ಕತೆ. ಮದುವೆ ಮನೆಯ ಫೋಟೋಗ್ರಾಫರ ಕ್ಯಾಮರಾದಲ್ಲಿ ಲೆನ್ಸು ಉದ್ದಕ್ಕೆ ಚಾಚುತ್ತದೆ, ಒಳಗೆ ಗಾಜುಗಳು ಹಿಂದೆ ಮುಂದೆ ಸರಿಯುತ್ತವೆ. ಎಂಟು ಮಿಲಿಮೀಟರು ದಪ್ಪದ ಫೋನಿನಲ್ಲಿ ಅದಕ್ಕೆ ಜಾಗ ಎಲ್ಲಿ? ಹಾಗಾಗಿ ಹತ್ತಿರಕ್ಕೊಂದು, ಮಾಮೂಲಿಗೊಂದು, ದೂರಕ್ಕೊಂದು ಎಂದು ಸರಿಯದ ಕಣ್ಣುಗಳನ್ನೇ ಜೋಡಿಸುತ್ತಾರೆ. ದೂರದ್ದಕ್ಕೆ ಲೆನ್ಸು ಚಿಪ್ಪಿನಿಂದ ಇನ್ನೂ ದೂರ ಇರಬೇಕು. ಅದಕ್ಕೂ ಉಪಾಯ ಉಂಟು: ಬೆಳಕನ್ನು ಪಟ್ಟಕದಿಂದ ಅಡ್ಡಕ್ಕೆ ತಿರುಗಿಸಿ ಫೋನಿನ ಉದ್ದಕ್ಕೆ ಮಲಗಿಸುವುದು. 2019ರ ಹುವಾವೆ ಪಿ30 ಪ್ರೋ ಹೀಗೆ ಐದು ಪಟ್ಟು ಹತ್ತಿರ ತಂದಿತು. ನಮ್ಮ ಮಕ್ಕಳು ವಿಜ್ಞಾನ ಮೇಳಕ್ಕೆ ರಟ್ಟಿನ ಡಬ್ಬಿ, ಎರಡು ಕನ್ನಡಿ ಚೂರು ಹಾಕಿ ಪೆರಿಸ್ಕೋಪು ಮಾಡುತ್ತಾರಲ್ಲ, ಅದೇ ಅಜ್ಜ, ಇದು ಮೊಮ್ಮಗ.

ನಡುವಿನ ಅಂಕಿಗಳಲ್ಲಿ ಏನಾಗುತ್ತದೆ? ಫೋನಿನಲ್ಲಿ ಒಂದು ಪಟ್ಟಿನದ್ದೂ ಮೂರು ಪಟ್ಟಿನದ್ದೂ ಕಣ್ಣಿದೆ, ನೀವು ಎರಡು ಪಟ್ಟು ಕೇಳಿದಿರಿ. ಮೊದಲ ಕಣ್ಣಿನ ಚಿತ್ರದ ನಡುಭಾಗ ಕತ್ತರಿಸಿ ಹಿಗ್ಗಿಸುತ್ತದೆ. ಒಳ್ಳೆಯ ಫೋನು ಇನ್ನೂ ಮುಂದೆ ಹೋಗಿ, ನಡುಭಾಗದ ವಿವರವನ್ನು ದೂರದ ಕಣ್ಣಿನಿಂದ, ಅಂಚನ್ನು ಮಾಮೂಲಿ ಕಣ್ಣಿನಿಂದ ತೆಗೆದು ಹೊಲಿಯುತ್ತದೆ. ಹೊಲಿಗೆ ಸುಲಭವಲ್ಲ. ಎರಡು ಕಣ್ಣಿನ ಬಣ್ಣ ಬೇರೆ, ಬೆಳಕು ಬೇರೆ. ಮತ್ತೆ ಅದೇ ಹೆಬ್ಬೆರಳಿನ ಜಿಗಿತ: ಹತ್ತಿರದ್ದನ್ನು ಹೆಚ್ಚು ಸರಿಸಬೇಕು, ದೂರದ್ದನ್ನು ಕಡಿಮೆ. ಅಂದರೆ ಝೂಮನ್ನು ಸರಿಯಾಗಿ ಹೊಲಿಯಬೇಕಾದರೂ ಡೆಪ್ತ್ ಗೊತ್ತಿರಬೇಕು. ಒಂದೇ ತ್ರಿಭುಜ, ಎರಡು ಉಪಯೋಗ. ಐಫೋನ್ 7 ಪ್ಲಸ್‌ನಲ್ಲಂತೂ ಬೆಳಕು ಕಡಿಮೆಯಿದ್ದಾಗ ಎರಡು ಪಟ್ಟು ಒತ್ತಿದರೂ ಫೋನು ದೂರದ ಕಣ್ಣು ಬಿಟ್ಟು ಮಾಮೂಲಿ ಕಣ್ಣಿನ ಚಿತ್ರವನ್ನೇ ಕತ್ತರಿಸಿ ಕೊಡುತ್ತಿತ್ತು. ದೂರದ ಲೆನ್ಸಿಗೆ ಬೆರಳಿಟ್ಟರೂ ಪರದೆಯಲ್ಲಿ ಚಿತ್ರ ಹಾಗೆಯೇ!

2020ರಲ್ಲಿ ಸ್ಯಾಮ್‌ಸಂಗ್ ತನ್ನ ಎಸ್20 ಅಲ್ಟ್ರಾದ ಬೆನ್ನ ಮೇಲೆಯೇ 'ಸ್ಪೇಸ್ ಝೂಮ್ 100ಎಕ್ಸ್' ಎಂದು ಅಚ್ಚು ಹಾಕಿತು. ಏಳನೇ ತರಗತಿಯ ಹುಡುಗಿಗೆ ಲೆಕ್ಕ ಕೊಡಿ. 12 ಮೆಗಾಪಿಕ್ಸೆಲ್ ಅಂದರೆ ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕೆ. ಗಾಜಿನಿಂದಲೇ ಹತ್ತು ಪಟ್ಟು ತರುವ ಒಳ್ಳೆಯ ಕಣ್ಣು ಇದೆ ಎಂದೇ ಇಟ್ಟುಕೊಳ್ಳಿ. ಅಲ್ಲಿಂದ ನೂರಕ್ಕೆ ಹೋಗಲು ಮತ್ತೆ ಹತ್ತು ಪಟ್ಟು ಕತ್ತರಿಸಬೇಕು. ಉಳಿಯುವುದು 400ಕ್ಕೆ 300, ಒಂದು ಲಕ್ಷದ ಇಪ್ಪತ್ತು ಸಾವಿರ. ಒಂದು ಕೋಟಿ ಇಪ್ಪತ್ತು ಲಕ್ಷದಲ್ಲಿ ನೂರರ ಒಂದು ಪಾಲು. ಬಾಕಿ? ತುಂಬಿಸಿದ್ದು. ಸಾಲಾಗಿ ತೆಗೆದ ಹಲವು ಚಿತ್ರಗಳನ್ನು ಕೂಡಿಸಿ ಸ್ವಲ್ಪ ನಿಜ ವಿವರ ಹೆಕ್ಕಬಹುದು, ಅದನ್ನು ಒಪ್ಪೋಣ. ಆಮೇಲಿನದ್ದು ಊಹೆ.

ಊಹೆ ಎಲ್ಲಿಯವರೆಗೆ ಹೋಗುತ್ತದೆ ಎಂಬುದು 2023ರ ಮಾರ್ಚಿನಲ್ಲಿ ಬಯಲಾಯಿತು. ಒಬ್ಬರು ಚಂದ್ರನ ಚಿತ್ರವನ್ನು ಬೇಕೆಂದೇ ಕುಗ್ಗಿಸಿ, ಮಸುಕು ಮಾಡಿ, ಕಂಪ್ಯೂಟರ್ ಪರದೆಯಲ್ಲಿಟ್ಟು, ಕೋಣೆಯ ದೀಪ ಆರಿಸಿ, ದೂರದಿಂದ ಎಸ್23 ಅಲ್ಟ್ರಾದಲ್ಲಿ ಫೋಟೋ ತೆಗೆದರು. ಪರದೆಯಲ್ಲಿ ಇಲ್ಲದ ಕುಳಿಗಳು ಫೋಟೋದಲ್ಲಿ ಬಂದವು! ಚಂದ್ರನನ್ನು ಗುರುತಿಸಿ ವಿವರ ಹೆಚ್ಚಿಸುವ ಕೃತಕ ಬುದ್ಧಿಯ ಪ್ರೋಗ್ರಾಮು ಅದರಲ್ಲಿದೆ ಎಂದು ಕಂಪನಿ ಆಮೇಲೆ ವಿವರಣೆ ಕೊಟ್ಟಿತು. ಉತ್ತರ ಪತ್ರಿಕೆಯಲ್ಲಿ ಮಗು ನೋಡದ್ದನ್ನು ನೋಡಿದೆ ಎಂದು ಬರೆದರೆ ನಾವು ಕೆಂಪು ಗೆರೆ ಎಳೆಯುತ್ತೇವಲ್ಲ.

ಎಲ್ಲರೂ ಮೋಸಗಾರರು ಎಂದು ನಮ್ಮ ವಾದವಲ್ಲ. ಲೈಟ್ ಎಂಬ ಅಮೆರಿಕದ ಕಂಪನಿ ಎಲ್16 ಎಂದು 16 ಕಣ್ಣಿನ ಕ್ಯಾಮರಾ ಮಾಡಿತ್ತು, 2017ರಲ್ಲಿ ಜನರ ಕೈಗೆ ಬಂತು. ಒಂದು ಕ್ಲಿಕ್ಕಿಗೆ ಹತ್ತಕ್ಕೂ ಹೆಚ್ಚು ಕಣ್ಣು ತೆರೆದು, ಎಲ್ಲ ಚಿತ್ರವನ್ನು ಲೆಕ್ಕದಿಂದ ಒಂದು ಮಾಡುವ ಪ್ರಾಮಾಣಿಕ ಪ್ರಯತ್ನ. ಅದೇ ವಿದ್ಯೆಯಿಂದ 2019ರಲ್ಲಿ ಐದು ಕಣ್ಣಿನ ನೋಕಿಯಾ 9 ಬಂತು: ಎರಡು ಬಣ್ಣದ್ದು, ಮೂರು ಕಪ್ಪುಬಿಳುಪು. ಮಾರುಕಟ್ಟೆಯಲ್ಲಿ ಎರಡೂ ನಿಲ್ಲಲಿಲ್ಲ.

ಇದು ನಮ್ಮ ದೇಶಕ್ಕೂ ಹೊಸತಲ್ಲ. 2005ರ ಮೇ 5ರಂದು ಇಸ್ರೋ ಶ್ರೀಹರಿಕೋಟದಿಂದ ಕಾರ್ಟೊಸ್ಯಾಟ್-1 ಹಾರಿಸಿತು. ಅದಕ್ಕೆ ಎರಡು ಕ್ಯಾಮರಾ. ಒಂದು 26 ಡಿಗ್ರಿ ಮುಂದಕ್ಕೆ ವಾಲಿದ್ದು, ಇನ್ನೊಂದು 5 ಡಿಗ್ರಿ ಹಿಂದಕ್ಕೆ. 618 ಕಿಲೋಮೀಟರು ಎತ್ತರದಲ್ಲಿ ಹಾರುತ್ತಾ ಮುಂದಿನ ಕಣ್ಣು ನೋಡಿದ ಗುಡ್ಡವನ್ನೇ ಹಿಂದಿನ ಕಣ್ಣು ಒಂದು ನಿಮಿಷದೊಳಗೆ ಮತ್ತೆ ನೋಡುತ್ತಿತ್ತು. ಅಷ್ಟರಲ್ಲಿ ಉಪಗ್ರಹ ಮುನ್ನೂರೈವತ್ತು ಕಿಲೋಮೀಟರಿನಷ್ಟು ಸಾಗಿರುತ್ತದೆ. ಆ ಎರಡು ನೋಟದ ಜಿಗಿತದಿಂದ ನಮ್ಮ ಗುಡ್ಡ ಕಣಿವೆಗಳ ಎತ್ತರದ ನಕ್ಷೆ ಮಾಡಿದರು. 2008ರಲ್ಲಿ ಚಂದ್ರಯಾನ-1 ಮೂರು ನೋಟದ ಕ್ಯಾಮರಾ ಹೊತ್ತು ಹೋಗಿ ಚಂದ್ರನ ಎತ್ತರ ತಗ್ಗು ಅಳೆಯಿತು. ಅದು ನಿಜವಾದ ಚಂದ್ರನ ಡೆಪ್ತ್! ಇನ್ನೂ ಹಿಂದೆ ಹೋದರೆ 1838. ಇಂಗ್ಲೆಂಡಿನ ವೀಟ್‌ಸ್ಟನ್ ಎರಡು ಕಣ್ಣಿಗೆ ಎರಡು ಚಿತ್ರ ತೋರಿಸಿ ಆಳ ಕಾಣಿಸುವ ಉಪಕರಣವನ್ನು ರಾಯಲ್ ಸೊಸೈಟಿಯ ಮುಂದೆ ವಿವರಿಸಿದ ವರ್ಷ. ಅದೇ ವರ್ಷ ಜರ್ಮನಿಯ ಬೆಸೆಲ್, ಸೂರ್ಯನ ಸುತ್ತ ಭೂಮಿ ಸುತ್ತುವ ದಾರಿಯ ಈಚೆ ತುದಿ ಒಂದು ಕಣ್ಣು, ಆಚೆ ತುದಿ ಇನ್ನೊಂದು ಕಣ್ಣು ಎಂಬ ಲೆಕ್ಕದಲ್ಲಿ ಒಂದು ನಕ್ಷತ್ರದ ದೂರ ಹೇಳಿದ. ಕಣ್ಣುಗಳ ನಡುವೆ 30 ಕೋಟಿ ಕಿಲೋಮೀಟರು. ಹೆಬ್ಬೆರಳು, ಫೋನು, ಉಪಗ್ರಹ, ನಕ್ಷತ್ರ... ತ್ರಿಭುಜ ಮಾತ್ರ ಒಂದೇ.

ಈಗ ನೀವು ಹೇಳಿ, ಮೇಲಿನದ್ದರಲ್ಲಿ ಕನ್ನಡದಲ್ಲಿ ಹೇಳಲಾಗದ್ದು ಯಾವುದಿತ್ತು?

"ಲೆನ್ಸ್, ಪಿಕ್ಸೆಲ್, ಝೂಮ್ ಎಲ್ಲ ಇಂಗ್ಲಿಷೇ ಅಲ್ವಾ" ಎಂದು ನಗುವವರಿದ್ದಾರೆ. ಇರಲಿ ಬಿಡಿ. ಬಸ್ಸು, ಪೆನ್ನು ಬಂದು ಕುಳಿತಂತೆ ಅವೂ ಕುಳಿತುಕೊಳ್ಳಲಿ. ಮಸೂರ ಎಂದೇ ಹೇಳಬೇಕೆಂದು ಹಟ ಹಿಡಿದು ಪಾಠವನ್ನೇ ಬಿಟ್ಟುಬಿಡುವ ಪಂಡಿತರಿಗಿಂತ ಲೆನ್ಸು ಎಂದು ಹೇಳಿ ಅರ್ಥ ಮಾಡಿಸುವ ಟೀಚರು ಕನ್ನಡಕ್ಕೆ ಹೆಚ್ಚು ಬೇಕಾದವರು. ಪದ ಎಲ್ಲಿಂದಲೋ ಬಂದೀತು, 'ಯಾಕೆ', 'ಹೇಗೆ', 'ಹಾಗಾದರೆ' ಎಂಬವು ಮಗುವಿಗೆ ತಿಳಿದ ಭಾಷೆಯಲ್ಲಿ ಬರಬೇಕು.

"ಪ್ಲಸ್ ವನ್‌ನಲ್ಲಿ ಇಂಗ್ಲಿಷ್ ಎದುರಾಗುತ್ತದಲ್ಲ?" ಎಂಬುದು ಗಟ್ಟಿ ಪ್ರಶ್ನೆ. ಎದುರಾಗುತ್ತದೆ. ನಮ್ಮ ಮಕ್ಕಳು ಮೊದಲ ಕೆಲವು ತಿಂಗಳು ತತ್ತರಿಸುವುದನ್ನು ನಾವೇ ಕಂಡಿದ್ದೇವೆ, ಅದನ್ನು ಮುಚ್ಚಿಡುವುದು ಅಪ್ರಾಮಾಣಿಕತೆ. ಅದಕ್ಕೆ ಎಂಟನೆಯಿಂದಲೇ ಇಂಗ್ಲಿಷ್ ಪದವನ್ನೂ ಬೋರ್ಡಿನಲ್ಲಿ ಜೊತೆಗೆ ಬರೆಯುವುದು ನಮ್ಮ ಕೆಲಸ. ಆದರೆ ಜಿಗಿತ ಅರ್ಥವಾದ ಹುಡುಗಿಗೆ ಪ್ಯಾರಲಾಕ್ಸ್ ಎಂಬ ಪದ ಕಲಿಯಲು ಒಂದು ನಿಮಿಷ ಸಾಕು. ಪದ ಬಾಯಿಪಾಠ ಮಾಡಿ ಜಿಗಿತ ನೋಡದವಳಿಗೆ ಇಡೀ ವರ್ಷವೂ ಸಾಲದು.

ಸಿಟ್ಟು ಇರುವುದು ನಮ್ಮ ಮೇಲೆಯೇ. ನವೆಂಬರ್ ಒಂದಕ್ಕೆ ಕೆಂಪು ಹಳದಿ ಬಾವುಟ ಕಟ್ಟುತ್ತೇವೆ. ಮಕ್ಕಳಿಂದ ಭಾವಗೀತೆ ಹಾಡಿಸುತ್ತೇವೆ, ಅತಿಥಿಗಳ ಕೊರಳಿಗೆ ಶಾಲು. ತಪ್ಪೇನಿಲ್ಲ. ಆದರೆ ಮಗುವಿನ ಕೈಯಲ್ಲಿರುವ ವಸ್ತು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದರೆ ನಮ್ಮ ಕನ್ನಡ ಬಾಗಿಲು ಹಾಕಿಕೊಳ್ಳುತ್ತದೆ. ಕನ್ನಡವೆಂದರೆ ಹಾಡಿಗೆ, ಇಂಗ್ಲಿಷೆಂದರೆ ಯಂತ್ರಕ್ಕೆ ಎಂದು ಗೆರೆ ಎಳೆದವರು ಬೇರೆ ಯಾರೋ ಅಲ್ಲ. ಕಣ್ಣು ಎಣಿಸಿ ಮಾರುವ ಅಂಗಡಿಯವನೂ, ಕನ್ನಡದಲ್ಲಿ ಬಾರದು ಎನ್ನುವ ಮಾಷ್ಟ್ರೂ ಒಂದೇ ಬಂಡವಾಳದ ಮೇಲೆ ಬದುಕುವುದು, ಕೇಳಿದವರಿಗೆ ಗೊತ್ತಿಲ್ಲ ಎಂಬುದರ ಮೇಲೆ.

ಕಳೆದ ಶನಿವಾರ ಮಕ್ಕಳ ಮನೆಯವರನ್ನು ಫೋನು ಹಿಡಿದುಕೊಂಡು ಬರಲು ಹೇಳಿದೆವು. ಹನ್ನೊಂದು ಫೋನು ಬಂದವು. ಮಕ್ಕಳು ಒಂದೊಂದೇ ಲೆನ್ಸಿಗೆ ಬೆರಳಿಟ್ಟು, ಯಾವುದನ್ನು ಮುಚ್ಚಿದರೆ ಚಿತ್ರ ಕೆಡುತ್ತದೆ, ಯಾವುದಕ್ಕೆ ಕೆಡುವುದಿಲ್ಲ ಎಂದು ಪಟ್ಟಿ ಬರೆದರು. ಆ ತಂದೆಯೂ ಬಂದಿದ್ದರು. ಅವರ ದೊಡ್ಡ ಮಗಳೇ ಅವರ ಫೋನಿನ ನಾಲ್ಕನೆಯ ಕಣ್ಣು ಮುಚ್ಚಿ ಅಪ್ಪನ ಫೋಟೋ ತೆಗೆದು ತೋರಿಸಿದಳು. ಹಿನ್ನೆಲೆ ಚೆಂದಕ್ಕೆ ಮಸುಕಾಗಿತ್ತು, ಅಪ್ಪನ ಬಲಗಿವಿಯ ಅರ್ಧವೂ. ಅವರು ತಿರುಗಿಸಿ ತಿರುಗಿಸಿ ನೋಡಿದರು. "ಹಾಗಾದರೆ ಈ ಕಣ್ಣಿಗೆ ಕೊಟ್ಟ ದುಡ್ಡು?" ಎಂದರು. ಮಗಳು ನಕ್ಕಳು, ನಮ್ಮಲ್ಲಿ ಉತ್ತರ ಇರಲಿಲ್ಲ.

ಚಿಕ್ಕವಳ ವಿಷಯ ಅವರು ಎತ್ತಲಿಲ್ಲ. ನಾವೂ ಕೇಳಲಿಲ್ಲ. ಜೂನಿಗೆ ಇನ್ನೂ ಸಮಯ ಉಂಟು.